ರಾಹುಕಾಲಕ್ಕೆ ಹೊಸ ಟೈಮಿಲ್ಲ

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಕಾರಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಜೋಗುಪಾಳ್ಯದವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಗಂಟೆ ಎಷ್ಟು ಅಂತ ಕೇಳಲು ನಮ್ಮ ಅಂಗಳಕ್ಕೆ ಬರುತ್ತಿದ್ದರು, ಯಾಕೆಂದರೆ ಗಡಿಯಾರ ಇದ್ದದ್ದು ಆ ಕಾರಿನೊಳಗೆ, ಸ್ಟೀರಿಂಗಿನ ಮುಂದಿನ ಹಲಗೆಯಲ್ಲಿ. ಯಾರೋ ಬ್ರಿಟಿಷ್ ದೊರೆ ಸೀಮೆಗೆ ಹೋಗುವಾಗ ಮಾರಿಹೋದ ಹಳೆಯ ಕಾರದು. ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು, ಹಾಗಾಗಿ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಗಡಿಯಾರ ಮಾತ್ರ ತಪ್ಪದೆ ಓಡುತ್ತಿತ್ತು. ಹಲಗೆಯ ಕೆಳಗೆ ಕೈ ಹಾಕಿದರೆ ಒಂದು ಗುಂಡಿ ಸಿಗುತ್ತಿತ್ತು. ಹಾಗೇ ತಿರುಗಿಸಿದರೆ ಕೀ ಕೊಟ್ಟ ಹಾಗೆ, ಕೆಳಕ್ಕೆ ಎಳೆದು ತಿರುಗಿಸಿದರೆ ಮುಳ್ಳು ಓಡುತ್ತಿತ್ತು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ ಎಂದು ಅಪ್ಪ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಆಗಲೇ ಸರ್ಕಾರದವರು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗೆ, ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಿಸಿದರು. ರೈಲು, ಕಚೇರಿ, ಕಾರ್ಖಾನೆ, ಸೈನ್ಯದ ಪಟಾಲಮ್ಮು ಎಲ್ಲವೂ ಹೊಸ ಟೈಮಿಗೆ ಹೋದವು. ನಮ್ಮಮ್ಮ ಹೋಗಲಿಲ್ಲ. ಅವಳ ತಕರಾರು ರಾಹುಕಾಲದ್ದು. ಸರ್ಕಾರ ಮೂರು ಗಂಟೆಯನ್ನು ನಾಲ್ಕು ಅಂದರೆ ರಾಹುವೂ ಹೂಂ ಅಂದುಬಿಡುತ್ತಾನಾ, ಸೂರ್ಯ ಇವರ ಮಾತು ಕೇಳುತ್ತಾನಾ ಎಂದು ವಾದಿಸುತ್ತಿದ್ದಳು. ರಾಹುಕಾಲದಲ್ಲಿ ಅವಳು ಹೊಸಿಲು ದಾಟುತ್ತಿರಲಿಲ್ಲ, ನಮ್ಮನ್ನೂ ದಾಟಲು ಬಿಡುತ್ತಿರಲಿಲ್ಲ. ಅಪ್ಪನಿಗೆ ಅದೆಲ್ಲ ತಮಾಷೆ. ಆದರೂ ಮನೆಯಲ್ಲಿ ಜಗಳ ಬೇಡವೆಂದು ಕಾರಿನ ಗಡಿಯಾರವನ್ನು ಹಳೇ ಟೈಮಿಗೇ ಬಿಟ್ಟಿದ್ದ. ರೈಲಿಗೆ ಹೋಗುವ ಗಿರಾಕಿ ಬಂದರೆ ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳುತ್ತಿದ್ದ.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಅಪ್ಪನ ಪಕ್ಕ ಕೂತು ಡ್ರೈವಿಂಗ್ ಕಲಿತಿದ್ದ ನನ್ನ ತಮ್ಮ ಪಟಾಲಮ್ಮಿಗೆ ಲಾರಿ ಡ್ರೈವರಾಗಿ ಸೇರಿದ್ದ. ಒಂದು ಗುರುವಾರ ಮಧ್ಯಾಹ್ನ ಅವನ ಜೊತೆಯವನೊಬ್ಬ ಸೈಕಲ್ಲಿನಲ್ಲಿ ಬಂದು, ಅವರ ರೈಲು ಬರ್ಮಾ ಕಡೆಗೆ ಹೊರಟಿದೆ, ನಾಲ್ಕು ಗಂಟೆಗೆ ದಂಡು ಸ್ಟೇಷನ್ ಬಿಡುತ್ತದೆ, ನೋಡಬೇಕು ಅಂದರೆ ಬನ್ನಿ ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೋದ. ಅಮ್ಮ ಅಲ್ಲಿಂದಲೇ ಅಡುಗೆಮನೆಗೆ ಓಡಿ ನಿಪ್ಪಟ್ಟಿಗೆ ಹಿಟ್ಟು ಕಲಸಲು ಕೂತಳು.

ಗುರುವಾರ ರಾಹುಕಾಲ ಮುಗಿಯುವುದು ಮೂರಕ್ಕೆ. ಅಮ್ಮನ ಲೆಕ್ಕದಲ್ಲಿ ನಾಲ್ಕು ಅಂದರೆ ಹಳೇ ನಾಲ್ಕು. ಮೂರಾದ ಮೇಲೆ ಹೊರಟರೂ ಬೇಕಾದಷ್ಟು ಹೊತ್ತಿದೆ ಅಂದಳು. ಆದರೆ ಪಟಾಲಮ್ಮಿನವನು ಹೇಳಿದ ನಾಲ್ಕು ಹೊಸ ಟೈಮಿನದು, ಅಂದರೆ ನಮ್ಮ ಕಾರಿನ ಮೂರು. ರಾಹುಕಾಲ ಕಳೆಯುವ ಹೊತ್ತಿಗೆ ರೈಲೂ ಹೋಗಿರುತ್ತದೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದರೆ ಅವಳು ಹೊರಡುವುದೇ ಇಲ್ಲ. ಯುದ್ಧಕ್ಕೆ ಹೋಗುವ ಮಗನನ್ನು ಕೆಟ್ಟ ಗಳಿಗೆಯಲ್ಲಿ ಹೋಗಿ ನೋಡುವವಳಲ್ಲ ಅವಳು. ಅದು ಅಪ್ಪನಿಗೂ ಗೊತ್ತು, ನನಗೂ ಗೊತ್ತು.

ನಾನು ಜಗಲಿಯ ಮೇಲೆ ಕೂತಿದ್ದೆ. ಅಪ್ಪ ಕಾರಿನ ಬಾಗಿಲು ತೆಗೆದು, ಹಲಗೆಯ ಕೆಳಗೆ ಕೈ ಹಾಕಿ, ಗುಂಡಿ ಎಳೆದು ದೊಡ್ಡ ಮುಳ್ಳನ್ನು ಒಂದೇ ಒಂದು ಸುತ್ತು ತಿರುಗಿಸಿದ. ಮುಳ್ಳು ಮೂರು ದಾಟಿ ನಿಂತಿತು. ಯೋಚಿಸಿದರೆ ಅವನು ಸುಳ್ಳನ್ನೇನೂ ಮಾಡಲಿಲ್ಲ, ಊರಿನ ಗಡಿಯಾರಗಳೆಲ್ಲ ಆಗ ಅದನ್ನೇ ತೋರಿಸುತ್ತಿದ್ದವು. ನನ್ನ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳ್ಬೇಡ ಕಣಮ್ಮ" ಅಂದ. ಆಮೇಲೆ ಒಳಕ್ಕೆ ಕೇಳುವ ಹಾಗೆ ಮೂರಾಯಿತು ಎಂದು ಕೂಗಿದ.

ಅಮ್ಮ ನಿಪ್ಪಟ್ಟಿನ ಗಂಟು ಹಿಡಿದು ಬಂದಳು. ಬಗ್ಗಿ ಗಡಿಯಾರ ನೋಡಿದಳು. ಅಂಗಳದ ಕಡೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು ಹತ್ತಿ ಕೂತಳು. ನಾನೂ ಬರುತ್ತೇನೆ ಅಂದೆ. ತುಂಬು ಬಸುರಿ ಆ ಗದ್ದಲಕ್ಕೆ ಬೇಡವೇ ಬೇಡ ಎಂದು ಇಬ್ಬರೂ ಒಂದೇ ಸಲ ಅಂದರು. ಕಾರು ಹಲಸೂರಿನ ಕಡೆ ತಿರುಗುವವರೆಗೂ ನಾನು ಆ ಹೊಟ್ಟೆ ಹೊತ್ತುಕೊಂಡು ಗೇಟಿನಲ್ಲಿ ನಿಂತು ಅತ್ತೆ. ಸಿಟ್ಟೂ ಬಂದಿತ್ತು.

ತಮ್ಮ ಸಿಕ್ಕಿದ್ದ. ಕಿಟಕಿಯಿಂದ ಕೈ ಚಾಚಿ ಗಂಟು ಇಸಕೊಂಡನಂತೆ, ಅಕ್ಕನಿಗೆ ಗಂಡುಮಗು ಆದರೆ ಡ್ರೈವಿಂಗ್ ನಾನೇ ಕಲಿಸುತ್ತೀನಿ ಅಂದನಂತೆ. ಹೇಳುವಾಗ ಅಮ್ಮನ ಮುಖ ಅರಳಿತ್ತು. ಅಪ್ಪ ಸಂಜೆ ಕಾರಿನಲ್ಲಿ ಕೂತು, ಹಿಂದಕ್ಕೆ ತಿರುಗಿಸುವಂತಿಲ್ಲವಲ್ಲ, ಮುಳ್ಳನ್ನು ಹನ್ನೊಂದು ಸುತ್ತು ಮುಂದಕ್ಕೆ ತಿರುಗಿಸಿ ಹಳೇ ಟೈಮಿಗೆ ತಂದ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದ.

ನನ್ನ ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ತಂತಿ ಬಂತು. ತಮ್ಮನ ಲಾರಿ ಬರ್ಮಾ ಗಡಿಯ ಯಾವುದೋ ರಸ್ತೆಯಲ್ಲಿ ಬಾಂಬಿಗೆ ಸಿಕ್ಕಿತ್ತು. ಅವನ ಹೆಣ ಕೂಡ ಬರಲಿಲ್ಲ.

ಅಪ್ಪ ಅಳಲಿಲ್ಲ. ಆದರೆ ರಾಹುಕಾಲದಲ್ಲಿ ಕಾರು ಎತ್ತುವುದನ್ನು ನಿಲ್ಲಿಸಿದ. ಗಿರಾಕಿ ಬಾಗಿಲಲ್ಲಿ ನಿಂತು ಬೈದರೂ ಸ್ಟೀರಿಂಗ್ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಿರುತ್ತಿದ್ದ. ಅಮ್ಮನನ್ನು ಗೇಲಿ ಮಾಡುತ್ತಿದ್ದ ಮನುಷ್ಯ! ನನಗೆ ನೋಡಲಾಗುತ್ತಿರಲಿಲ್ಲ. ಅಪ್ಪಾ, ಬಾಂಬಿಗೂ ರಾಹುವಿಗೂ ಏನು ಸಂಬಂಧ, ಆ ರೈಲಿನಲ್ಲಿ ಹೋದ ಎಷ್ಟೋ ಜನ ಜೀವಸಹಿತ ವಾಪಸ್ಸು ಬಂದಿದ್ದಾರಲ್ಲ ಎಂದು ಜಗಳವಾಡಿದೆ. ಗೊತ್ತು ಕಣಮ್ಮ ಅಂದ. ಮಾರನೆಯ ದಿನ ಮತ್ತೆ ಹಾಗೇ ಕೂತ.

ಯುದ್ಧ ಮುಗಿಯಿತು, ಸರ್ಕಾರ ತೆಗೆದುಕೊಂಡಿದ್ದ ಗಂಟೆಯನ್ನು ವಾಪಸ್ಸು ಕೊಟ್ಟಿತು. ಊರವರೆಲ್ಲ ಗಡಿಯಾರ ತಿದ್ದಿಕೊಂಡರು. ನಮ್ಮ ಕಾರಿನ ಗಡಿಯಾರವನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಆ ವಾರ ನಾನು ತವರಿನಲ್ಲಿದ್ದೆ. ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೊನೆಗೂ ಸರ್ಕಾರವೇ ನಿನ್ನ ಟೈಮಿಗೆ ಬಂತು ನೋಡು ಅಂದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಅವತ್ತು ಗೋಡೆ ನೆರಳು ಇನ್ನೂ ಅಂಗಳದ ಒರಳಿನ ಹತ್ರಕ್ಕೂ ಬಂದಿರ್ಲಿಲ್ಲ ಕಣೆ" ಅಂದಳು. "ಮೂರಾಗಿಲ್ಲ ಅಂತ ನಂಗೆ ಗೊತ್ತಿತ್ತು. ಮಗನ್ನ ನೋಡ್ಬೇಕು ಅನ್ನಿಸ್ಬಿಡ್ತು. ಹೋಗಿ ಕೂತ್ಕೊಂಡ್ಬಿಟ್ಟೆ."

ಇದನ್ನು ಅಪ್ಪನಿಗೆ ಹೇಳಮ್ಮ, ನಿನಗೆ ಮೋಸ ಮಾಡಿದೆ ಅಂತ ಒಳಗೊಳಗೇ ಸಾಯುತ್ತಿದ್ದಾನೆ, ಅಷ್ಟು ಭಾರವಾದರೂ ಇಳಿಯಲಿ ಎಂದು ಅವಳ ಕೈ ಹಿಡಿದುಕೊಂಡೆ.

"ಹೇಳಿದ್ರೆ, ಗೊತ್ತಿದ್ದೂ ಯಾಕೆ ಬಂದೆ ಅಂತ ಕೇಳ್ತಾರೆ" ಅಂದಳು. "ನಾನು ಏನಂತ ಹೇಳ್ಲಿ? ನೀನೂ ಹೇಳ್ಬೇಡ."

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು ನನ್ನ ಪಾಡು. ಅವನದು ಅವಳಿಗೆ ಮೊದಲೇ ಗೊತ್ತು, ಅವಳದು ಅವನಿಗೆ ಹೇಳುವಂತಿಲ್ಲ. ಅಪ್ಪ ಹೊರಗೆ ಕಾರಿನಲ್ಲಿ ಕೂತು ರಾಹುಕಾಲ ಕಳೆಯಲಿ ಅಂತ ಕಾಯುತ್ತಿದ್ದ. ಅಮ್ಮ ಕಲ್ಲು ಆರಿಸುತ್ತಿದ್ದಳು. ನಾನು ಇನ್ನೇನು ಮಾಡಲಿ, ಒಲೆ ಹಚ್ಚಿ ಇಬ್ಬರಿಗೂ ಕಾಫಿ ಕಾಸಿದೆ.