ಬೀಗರು ಬಂದಾಗ ತೆರೆದ ಕಿಟಕಿ

ನನ್ನ ಮೊದಲ ಬಾಣಂತನ ನಡೆದದ್ದು ತವರಿನಲ್ಲಿ, ಶಹಾಪುರದ ಹತ್ತಿರ ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ, ಕಡು ಬೇಸಿಗೆಯಲ್ಲಿ. ಅಪ್ಪ ಅಲ್ಲಿ ಗುಮಾಸ್ತ. ಒಂದು ಪಡಸಾಲೆ, ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಮೇಲೆ ಕಾಂಕ್ರೀಟು ಸ್ಲ್ಯಾಬು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ನಮ್ಮ ತಲೆಯ ಮೇಲೆ ಇಳಿಸುತ್ತಿತ್ತು. ನನ್ನ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು? ಪಡುವಣ ಎಂದು ಬರೆದು ಹೊಡೆದುಹಾಕಿದ್ದೇನೆ. ಅದು ಮುಚ್ಚಿತ್ತು, ಅಷ್ಟು ಖಾತ್ರಿ.

ಮುಚ್ಚಿದ್ದು ಅವ್ವ. ಬಾಣಂತಿಗೆ ಗಾಳಿ ಬಡಿಯಬಾರದೆಂದು ಸಂದಿಗೆಲ್ಲ ಹಳೆ ಸೀರೆಯ ಚಿಂದಿ ತುರುಕಿದ್ದಳು. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ. ಕೆಂಡ ಇಟ್ಟಿದ್ದು ಕಾಲುವೆಯ ಮಣ್ಣು ಹೊತ್ತು ಸವೆದಿದ್ದ ಕಬ್ಬಿಣದ ಬುಟ್ಟಿಯಲ್ಲಿ. ಕೂಸಿನ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ. ಅಳುವುದರಲ್ಲೇ ದಣಿದು ಅದು ಮೊಲೆ ಹಿಡಿಯುತ್ತಿರಲಿಲ್ಲ. ಆ ಕಿಟಕಿಯ ಒಂದು ಬಾಗಿಲು ತೆರೆದರೆ ಸಾಕು ಎಂದು ದಿನವೂ ಗೋಗರೆಯುತ್ತಿದ್ದೆ.

ಗೋಡೆಯಾಚೆ, ಪಡಸಾಲೆಯ ಕಿಟಕಿಗೆ ಅಪ್ಪ ಹೊಸ ಕೂಲರ್ ಕೂರಿಸಿದ್ದ. ಇತ್ತ ಕಾಸುವುದು, ಅತ್ತ ತಣಿಸುವುದು, ಎರಡೂ ಒಂದೇ ಸೂರಿನಡಿ. ಹೋಗಲಿ, ಅತ್ತಲಾದರೂ ಯಾರಿಗಾದರೂ ಸುಖವಿತ್ತೆ? ತಂಪು ಹೊರಗೆ ಹೋಗುತ್ತದೆಂದು ಅಪ್ಪ ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ಬಂದ್ ಮಾಡಿಸಿದ್ದ. ಕೂಲರ್ ತಳ್ಳಿದ ಹಸಿ ಗಾಳಿಗೆ ಹೊರಬೀಳಲು ದಾರಿಯಿಲ್ಲ. ಹಾಸಿಗೆ ಜಿಗಿಜಿಗಿ, ಡಬ್ಬಿಯ ಹಪ್ಪಳ ಮೆತ್ತಗೆ. ಸೆಕೆ ಎಂದು ಅಪ್ಪ ಕೂಲರ್ ಜೋರು ಮಾಡಿ ಇನ್ನಷ್ಟು ನೀರು ಸುರಿಯುತ್ತಿದ್ದ. ಸೆಕೆಯೂ ಜೋರಾಗುತ್ತಿತ್ತು.

"ಅಪ್ಪಾ, ನನ್ನ ಕಿಡಕಿ ತೆಗಿ. ನಿನ್ನ ಕೂಲರ್ ಗಾಳಿಗೂ ಹೋಗಾಕ ದಾರಿ ಆಗ್ತದ," ಎಂದು ಒಳಗಿನಿಂದ ಕೂಗಿದೆ.

"ಕರೆಂಟ್ ಸುಟ್ಟು ತಂಪ್ ಮಾಡಾಕತ್ತೀನಿ. ಕ್ಯಾಂಪಿನ ನಾಯಿಗೋಳಿಗೆ ಬಿಡ್ಲೇನು?"

"ಸುಮ್ಮ ಮಲಕೋ," ಎಂದಳು ಅವ್ವ. "ನಿನ್ನ ಹಡದಾಗ ಇದರ ಎರಡಪಟ್ಟು ಕೆಂಡ ಇಟ್ಟಿದ್ರು ನನಗ."

"ಅದಕ್ಕ ನಾ ಸುಟ್ಟ ಬದನಿಕಾಯಿ ಹಂಗ ಆಗೀನಿ."

ಈಗ ಕೇಳಿದರೆ ಅವ್ವ, "ನಾ ಯಾವಾಗ ಕಿಡಕಿ ಮುಚ್ಚೀನಿ? ಹೊಸದೇನರ ಹುಟ್ಟಿಸಬ್ಯಾಡ," ಎನ್ನುತ್ತಾಳೆ. ಇರಬಹುದು. ಆದರೆ ಆ ಚಿಂದಿಯ ಹಸಿರು ಅಂಚನ್ನು ನಾನು ಯಾಕೆ ಹುಟ್ಟಿಸಲಿ?

ಮೊಮ್ಮಗಳನ್ನು ನೋಡಲು ಸುರಪುರದಿಂದ ಮಾವ ಬಂದರು, ನನ್ನ ಗಂಡನ ಅಪ್ಪ. ಭಾರಿ ಆಳು. ಕೂಲರಿನ ಎದುರೇ ಕೂತು, ಟವೆಲಿನಿಂದ ಕುತ್ತಿಗೆ ಒರೆಸಿ ಒರೆಸಿ ಸಾಕಾಗಿ ಕೇಳಿದರು: "ಬೀಗರ, ಇದು ಕೂಲರೇನ್ರಿ, ಇಡ್ಲಿ ಪಾತ್ರಿ ಏನ್ರಿ?"

ಅಪ್ಪ ನಗಲಿಲ್ಲ. ಎದ್ದು ಬಂದು ನನ್ನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದ. ನನ್ನ ಕಡೆ ನೋಡಲೂ ಇಲ್ಲ. ಚಿಂದಿ ಕಿತ್ತೆಸೆದು ಕಿಟಕಿಯ ಎರಡೂ ಬಾಗಿಲು ನೂಕಿದ.

"ಒಳಗ ಬಾಣಂತಿ ಅದಾಳ್ರಿ!" ಅವ್ವ ಕಿರುಚಿದಳು.

"ಹೊರಗ ಬೀಗರು ಬೆವರಾಕತ್ತಾರ!"

ಪಡಸಾಲೆಯ ತಂಪು ಬಾಗಿಲಿನಿಂದ ನುಗ್ಗಿ, ನನ್ನನ್ನೂ ಕೂಸನ್ನೂ ಸವರಿ, ಕಿಟಕಿಯಿಂದ ಹೊರಗೆ ಹೋಯಿತು. ಕೂಸು ತಕ್ಷಣ ಸುಮ್ಮನಾಯಿತೆಂದು ಬರೆಯುವ ಆಸೆ. ಅಷ್ಟು ಅಚ್ಚುಕಟ್ಟಾಗಿ ಯಾವ ಕೂಸೂ ನಡೆದುಕೊಳ್ಳುವುದಿಲ್ಲ. ಇನ್ನೊಂದಿಷ್ಟು ಅತ್ತು, ಆಮೇಲೆ ಮೊಲೆ ಹಿಡಿಯಿತು. ಗಾಳಿ ಬಂತಲ್ಲ ಎಂದು ಅವ್ವ ಬುಟ್ಟಿಗೆ ಇನ್ನಷ್ಟು ಕೆಂಡ ಸುರಿದಳು. ಅಲ್ಲಿ ಕೂಲರ್, ಇಲ್ಲಿ ಇದ್ದಿಲು, ಎರಡೂ ಸೇರಿ ಕ್ಯಾಂಪಿನ ಬಯಲನ್ನು ಉದ್ಧಾರ ಮಾಡತೊಡಗಿದವು.

ಮರುದಿನ ಬೆಳಿಗ್ಗೆ ಮಾವ ಚೀಲ ಎತ್ತಿಕೊಂಡು ನಿಂತರು. ಅಪ್ಪ ಆಗಲೇ ಮುಚ್ಚಲು ನನ್ನ ಕಿಟಕಿಗೆ ಕೈ ಹಾಕಿದ್ದ. ಸೊಸೆ ಮಾವನಿಗೆ ಕೂಗಿ ಹೇಳುವ ರೂಢಿ ನಮ್ಮಲ್ಲಿರಲಿಲ್ಲ.

"ಮಾವಾರ, ಇನ್ನೆರಡು ದಿನ ಇರ್ರಿ!" ಎಂದು ಕೂಗಿದೆ.

"ನೋಡ್ರಿ, ಸೊಸಿ ಎಷ್ಟು ಜೀವ ಇಟ್ಟಾಳ," ಎಂದು ಮಾವ ಚೀಲ ಕೆಳಗಿಟ್ಟರು. ಅಪ್ಪ ಕಿಟಕಿಯಿಂದ ಕೈ ತೆಗೆದ. ಅವ್ವ ಕೆಂಡ ಕೆದರಿದಳು.