ಬಲಗಿವಿಯ ಸೀಳು

ಮಾಳಪ್ಪ ಕುರಿ ಎಣಿಸುತ್ತಿರಲಿಲ್ಲ, ನೋಡುತ್ತಿದ್ದ. ಸಂಜೆ ಹಟ್ಟಿಗೆ ಮರಳುವ ಹಿಂಡಿನ ಎದುರು ಕುಕ್ಕರಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದನೆಂದರೆ, "ಕರಿಮೂಗಿಂದು ಬಂದಿಲ್ಲ" ಎಂದು ಹೇಳಿ ಕೋಲು ಹಿಡಿದು ಎದ್ದುಬಿಡುವನು. ಎಣಿಸಿದವರಿಗೆ ಎಷ್ಟು ಕಡಿಮೆ ಎಂದಷ್ಟೇ ತಿಳಿದೀತು. ಅವನಿಗೆ ಯಾವುದು ಎಂದೇ ತಿಳಿಯುತ್ತಿತ್ತು. ಫೋಟೋಗಳನ್ನೂ ಅವನು ಹಾಗೆಯೇ ನೋಡುತ್ತಿದ್ದ. ತಾನು ತೆಗೆದವನ್ನು ನೆಲದ ಮೇಲೆ ಸಾಲಾಗಿ ಹಾಸಿ, "ಹೇಳ್ರಿ ಮಾಸ್ತರ, ಇದರಾಗ ಯಾವುದು ಹೋಗ್ಯಾದ?" ಎಂದು ಕೇಳುತ್ತಿದ್ದ. ನನಗೆ ಒಮ್ಮೆಯೂ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಕೇಳಿದಾಗಲೆಲ್ಲ ಯಾಕೋ ಏನೋ, ಮನೆಯ ಬಾಗಿಲು ಹಾಕಿ ಬಂದೆನೋ ಇಲ್ಲವೋ ಎಂಬಂಥ ಕಸಿವಿಸಿ ಹುಟ್ಟುತ್ತಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಅಕ್ಕಲಕೋಟದ ಕನ್ನಡ ಸಾಲಿಯಲ್ಲಿ ಮಾಸ್ತರನಾಗಿದ್ದೆ. ಅದೇ ಊರಿನ ಕರೀಮ್ ಭಾಯಿಗೆ ಒಂದು ಸಣ್ಣ ಸ್ಟುಡಿಯೋ ಇತ್ತು. ಹೊಟ್ಟೆಪಾಡಿಗೆ ಮದುವೆಗಳನ್ನೂ, ಗೋಡೆಗೆ ಆನಿಸಿ ಕೂಡಿಸಿದ ಹೆಣಗಳನ್ನೂ ತೆಗೆಯುತ್ತಿದ್ದ ಅವರು ಸಂತೋಷಕ್ಕೆ ಮೋಡ ತೆಗೆಯುತ್ತಿದ್ದರು. ಫೋಟೋದ ಹುಚ್ಚು ಹಿಡಿದ ನಮ್ಮಲ್ಲಿ ಮೂರನೆಯವನು ಮಾಳಪ್ಪ. ತಿಂಗಳಿಗೊಂದು ಭಾನುವಾರ ಸ್ಟುಡಿಯೋದಲ್ಲಿ ಸೇರುತ್ತಿದ್ದೆವು. ಚಿತ್ರವನ್ನು ಬೋರಲು ಇಡಬೇಕು, ಅದನ್ನು ತೆಗೆಯುವ ಮೊದಲು ಏನಾಯಿತು ಎಂಬುದನ್ನು ಹೇಳಬೇಕು, ಆಮೇಲೆ ತಿರುವಿ ತೋರಿಸಬೇಕು. ಇದು ನಮ್ಮ ಕಟ್ಟಳೆ. ಕೆರೆಯ ಕೊಕ್ಕರೆಯೊಂದರ ಕಥೆಯನ್ನು ನಾನು ಅರ್ಧ ತಾಸು ಹೇಳಿದ್ದುಂಟು. ಚಿತ್ರ ತಿರುವಿದರೆ ಕೊಕ್ಕರೆ ಕಡಲೆಕಾಳಿನಷ್ಟಿತ್ತು. "ಮಾಸ್ತರ್ ಸಾಬ್, ನಿಮ್ಮ ಫೋಟೋಕಿಂತ ನಿಮ್ಮ ಬಾಯೇ ಸಾಫ್ ಬರ್ತದ" ಎಂದು ಕರೀಮ್ ಭಾಯಿ ನಕ್ಕಿದ್ದರು. ಮಾಳಪ್ಪನದು ಒಂದೇ ಸಾಲು. "ಗಾಡಿ ಬಂತು, ಕುರಿ ಹೆದರಲಿಲ್ಲ, ತೆಗೆದೆ."

ಅವನ ಹಳ್ಳಿ ರೈಲು ಹಾದಿಯ ಪಕ್ಕ, ಹೋಟಗಿ ದಾಟಿ ಅಕ್ಕಲಕೋಟದ ಕಡೆಗೆ ಬರುವಾಗ ಸಿಗುತ್ತದೆ. ಮನೆತನ ಕುರಿ ಕಾಯುವುದು, ದೇವರು ಬೀರೋಬ. ಇವನೊಬ್ಬ ಸೊಲ್ಲಾಪುರದ ಗಿರಣಿ ಸೇರಿ ಮಗ್ಗ ನೋಡಿಕೊಳ್ಳುತ್ತಿದ್ದ. ನೂರಾರು ಎಳೆಗಳಲ್ಲಿ ಹರಿದ ಒಂದನ್ನು ಅವನ ಕಣ್ಣು ಥಟ್ಟನೆ ಹಿಡಿಯುತ್ತಿತ್ತಂತೆ. ಆದರೆ ಆ ಮಗ್ಗಗಳ ಸದ್ದಿಗೆ ಬಲಗಿವಿ ಪೂರಾ ಕೆಟ್ಟು, ಎಡದ್ದು ಅರ್ಧವೇ ಉಳಿದಿತ್ತು. ಅವನ ಮನೆಯ ಕುರಿಗಳಿಗೆ ಗುರುತಿಗೆಂದು ಬಲಗಿವಿಯಲ್ಲಿ ಒಂದು ಸೀಳು ಹಾಕುತ್ತಿದ್ದರು. "ಕುರಿಗೆ ನಮ್ಮಪ್ಪ ಹಾಕ್ಯಾನ, ನನಗ ಗಿರಣಿ ಹಾಕ್ಯಾದ. ಇಬ್ಬರದೂ ಬಲಗಿವಿನ" ಎಂದು ನಗುತ್ತಿದ್ದ. ತಲೆಗೆ ರುಮಾಲು, ರುಮಾಲಿನ ಮೇಲೆ ಹತ್ತಿಯ ಧೂಳು, ಹೆಗಲಿಗೆ ಕರೀಮ್ ಭಾಯಿಯಿಂದ ಕೊಂಡ ಹಳೆಯ ಡಬ್ಬಾ ಕ್ಯಾಮೆರಾ. ಆ ವೇಷದಲ್ಲಿ ಅವನು ಸ್ಟುಡಿಯೋದ ಬಾಗಿಲಲ್ಲಿ ನಿಂತದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಪ್ರತಿ ಅಮಾಸಿಗೆ ರಜೆ ಹಾಕಿ ಬೀರೋಬನ ಗುಡಿಗೆ ಹೋಗುತ್ತಿದ್ದ. ಹಾದಿಯಲ್ಲಿ ಒಂದು ಹಳ್ಳ, ಹಳ್ಳದ ಮೇಲೆ ಐದು ಕಮಾನಿನ ರೈಲು ಸೇತುವೆ. ಅಲ್ಲೊಂದು ಕಲ್ಲಿನ ಮೇಲೆ ನಿಂತು, ಅದೇ ಕಲ್ಲು, ಅದೇ ಹೊತ್ತು, ಸೇತುವೆಯ ಒಂದು ಚಿತ್ರ ತೆಗೆಯುತ್ತಿದ್ದ. ಒಮ್ಮೊಮ್ಮೆ ಗಾಡಿ ಸಿಗುತ್ತಿತ್ತು, ಒಮ್ಮೊಮ್ಮೆ ಬರಿಯ ಸೇತುವೆ. ಅದನ್ನೇ ಎಷ್ಟು ಸಲ ತೆಗೆಯುತ್ತೀ ಎಂದು ನಾನು ಬೈದರೆ, "ಹಿಂಡು ದಿನಾ ಅದನ ಇರ್ತದಲ್ರಿ ಮಾಸ್ತರ, ಆದರೂ ದಿನಾ ನೋಡ್ಬೇಕಾಗ್ತದ" ಎನ್ನುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವನು ಹದಿನಾಲ್ಕು ಅಮಾಸಿಯ ಚಿತ್ರಗಳನ್ನು ಸಾಲಾಗಿ ಹಾಸಿ ಬಹಳ ಹೊತ್ತು ಕೂತ. ಅವತ್ತು ನಮ್ಮನ್ನು ಏನೂ ಕೇಳಲಿಲ್ಲ. ಕೊನೆಗೆ ತಾನೇ ಹೇಳಿದ: "ಹಕ್ಕಿ ಹೋಗ್ಯಾವ."

ಕಮಾನುಗಳ ಕೆಳಗೆ ಮಣ್ಣಿನ ಗೂಡು ಕಟ್ಟುವ ಸಣ್ಣ ಹಕ್ಕಿಗಳಿದ್ದವು. ಚಿತ್ರದಲ್ಲಿ ಆ ಗೂಡುಗಳು ಬರಿಯ ಚುಕ್ಕೆ. ಎಲ್ಲ ಕಮಾನುಗಳಲ್ಲೂ ಚುಕ್ಕೆಗಳಿದ್ದವು, ಒಂದು ಕಂಬದ ಅಕ್ಕಪಕ್ಕ ಮಾತ್ರ ನಾಲ್ಕು ತಿಂಗಳಿಂದ ಇರಲಿಲ್ಲ. "ಕೂಸು ಮರಿ ಇಟ್ಕೊಂಡ ಮನಿ ಯಾರರ ಸುಮ್ಮನ ಬಿಡ್ತಾರೇನ್ರಿ?" ಎಂದ. ಕರೀಮ್ ಭಾಯಿ ಭೂತಗನ್ನಡಿ ತಂದರು. ಚುಕ್ಕೆ ಅಳಿದ ಜಾಗದಲ್ಲಿ ಕೂದಲಿನಂಥ ಒಂದು ಗೆರೆ ಕಾಣಿಸಿತು. ತಿಂಗಳು ತಿಂಗಳಿಗೆ ಅದು ಕೆಳಗಿಳಿದಿತ್ತು. "ತಡಾ ಬಿದ್ದದ" ಎಂದ ಮಾಳಪ್ಪ, ಬಿರುಕಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. "ಮಳಿ ಬಂದು ಹಳ್ಳ ತುಂಬಿದ್ರ ಈ ಕಂಬ ನಿಲ್ಲಂಗಿಲ್ಲ. ಮ್ಯಾಲ ಗಾಡಿ ಇದ್ರ..." ಅವನೂ ದಿನಾ ಆ ಸೇತುವೆಯ ಮೇಲೆಯೇ ಗಿರಣಿಗೆ ಹೋಗುತ್ತಿದ್ದ, ಬೋಗಿಯ ತುಂಬ ಜನರೊಂದಿಗೆ.

ರೈಲ್ವೆಯವರಿಗೆ ತಿಳಿಸಬೇಕೆಂದು ನಿಶ್ಚಯವಾಯಿತು. ಇಂಗ್ಲಿಷ್ ಬರುವವನು ನಾನೊಬ್ಬನೇ. ಆ ಹೆಮ್ಮೆ ನನಗೆ ಸಾಕಷ್ಟಿತ್ತು. ಮಾಳಪ್ಪ ಅರ್ಜಿಯ ಖಾಲಿ ಕಾಗದಕ್ಕೇ ಮರಾಠಿಯಲ್ಲಿ ಸಹಿ ಹಾಕಿ, "ನೀವ ನೋಡಿ ಕಳಸ್ರಿ ಮಾಸ್ತರ" ಎಂದು ಪಾಳಿಗೆ ಹೋದ. ನಮ್ಮ ಮನೆಯ ಜೋಳದ ಕೋಣೆಗೆ ಕಿಟಕಿ ಇರಲಿಲ್ಲ. ಚಿತ್ರ ಮೂಡಿಸುವ ಕೆಲಸ ಅಲ್ಲೇ. ಇಲ್ಲಿ ಒಂದು ಮಾತು ಹೇಳಬೇಕು. ನೆಗೆಟಿವ್‌ಗೆ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮೈ ಮಂಕು. ಮಂಕಾದ ಮೈ ಕಾಗದಕ್ಕೆ ತಾಗುವಂತೆ ಇಡಬೇಕು. ತಿರುವಿ ಇಟ್ಟರೂ ಚಿತ್ರ ಬರುತ್ತದೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ, ಬಲ ಎಡವಾಗಿ. ಆ ಮಧ್ಯಾಹ್ನ ಟಪಾಲು ಹೊರಡುವ ಹೊತ್ತಾಗಿತ್ತು, ನನಗೆ ಅವಸರ. ಒದ್ದೆ ಚಿತ್ರ ಎದುರಿಗಿಟ್ಟುಕೊಂಡು, ಎಡಕ್ಕೆ ಅಕ್ಕಲಕೋಟ ಬಲಕ್ಕೆ ಸೊಲ್ಲಾಪುರ ಎಂದು ಲೆಕ್ಕ ಹಾಕಿ, ಬಿರುಕಿಗೆ ಕೆಂಪು ಶಾಯಿಯ ಸುತ್ತು ಎಳೆದು, "ಅಕ್ಕಲಕೋಟದ ಕಡೆಯಿಂದ ಎರಡನೆಯ ಕಂಬ" ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಹಳಿಯ ದುರಸ್ತಿ ನೋಡುವ ಸಾಹೇಬರು ಸ್ವತಃ ಟ್ರಾಲಿಯಲ್ಲಿ ಹೋಗಿ ನಾವು ಹೇಳಿದ ಕಂಬವನ್ನು ತಳದಿಂದ ತುದಿಯವರೆಗೆ ಪರೀಕ್ಷಿಸಿದ್ದರು. ಅದು ಕಲ್ಲಿನಷ್ಟು ಗಟ್ಟಿಯಿತ್ತು. ಇನ್ನು ಇಂಥ ಅರ್ಜಿಗಳಿಂದ ಕಚೇರಿಯ ಸಮಯ ಹಾಳುಮಾಡಬಾರದು ಎಂದಿತ್ತು.

ಆ ಭಾನುವಾರ ನಾನು ಇಟ್ಟುಕೊಂಡಿದ್ದ ಇನ್ನೊಂದು ಪ್ರತಿಯನ್ನು ಮಾಳಪ್ಪ ಮೊದಲ ಸಲ ಕೈಗೆತ್ತಿಕೊಂಡ. ಚಿತ್ರದ ಮುಂಭಾಗದಲ್ಲಿ ಒಂದು ಕುರಿ ಮೇಯುತ್ತಿತ್ತು.

"ಇದು ನಮ್ಮ ಕುರಿ ಅಲ್ಲ" ಎಂದ. "ನಮ್ಮದಕ್ಕ ಬಲಗಿವಿ ಸೀಳಿರ್ತದ. ಇದಕ್ಕ ಎಡಗಿವಿ ಸೀಳ್ಯಾರ."

ಮತ್ತೆ ನೋಡಿದ. ಚಿತ್ರವನ್ನು ಮೆಲ್ಲಗೆ ಕೆಳಗಿಟ್ಟ.

"ಕುರಿ ನಮ್ದ ಅದರಿ ಮಾಸ್ತರ. ಕಿವಿ ನಿಮ್ದು."

ನನಗೆ ಅರ್ಥವಾಗುವಷ್ಟರಲ್ಲಿ ಕರೀಮ್ ಭಾಯಿಗೆ ಅರ್ಥವಾಗಿತ್ತು. "ಯಾ ಅಲ್ಲಾ, ನೆಗೆಟಿವ್ ತಿರುವಿ ಇಟ್ಟು ಸಾಹೇಬ್ರನ್ನ ಗಟ್ಟಿ ಕಂಬಕ್ಕ ಕಳಿಸೀರಿ!" ಎಂದರು. ಮಾಳಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಛಾಪಸೂಕಿಂತ ಮೊದಲ ಕಿವಿ ನೋಡ್ರಿ" ಎಂದಷ್ಟೇ ಹೇಳಿದ. ಕರೀಮ್ ಭಾಯಿ ಸುಮ್ಮನಿರುವವರಲ್ಲ. ಅಂದಿನಿಂದ ಪೇಟೆಯಲ್ಲಿ ಕಂಡಾಗಲೆಲ್ಲ ನನ್ನನ್ನು ಕಿವಿ ಮಾಸ್ತರ್ ಎಂದು ಕರೆಯತೊಡಗಿದರು. ನನ್ನ ತಪ್ಪಿಗಿಂತ ಆ ಹೆಸರೇ ನನಗೆ ಹೆಚ್ಚು ಚುಚ್ಚಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಎರಡನೆಯ ಅರ್ಜಿಯನ್ನು ಓದುವವರಿರಲಿಲ್ಲ. ಮಾಳಪ್ಪ ಸ್ಟೇಶನ್ನಿಗೆ ಹೋಗಿ ಬಾಯಿಂದ ಹೇಳಿದ; ಸಾಹೇಬರು ನೋಡಿ ಹೋಗ್ಯಾರ ಎಂಬ ಉತ್ತರ ಸಿಕ್ಕಿತು. ಇನ್ನು ಯಾರೂ ಅಲ್ಲವೆನ್ನಲಾಗದಂಥ ಚಿತ್ರ ಬೇಕು, ಕಂಬದ ಬುಡದಲ್ಲೇ ನಿಂತು ತೆಗೆದದ್ದು ಬೇಕು ಎಂದು ಅವನು ತೀರ್ಮಾನಿಸಿದ. ಮಣ್ಣೆತ್ತಿನ ಅಮಾಸಿ ಬಂತು. ಆಕಾಶ ಅಲ್ಲಲ್ಲಿ ಕಪ್ಪಾಗುತ್ತಿತ್ತು, ಮಳೆ ಇನ್ನೂ ನಮ್ಮ ಕಡೆ ಬಿದ್ದಿರಲಿಲ್ಲ. ಬೆಳಿಗ್ಗೆ ಫಿಲಂ ಒಯ್ಯಲು ಮನೆಗೆ ಬಂದ.

"ಬರ್ತೀರೇನ್ರಿ ಮಾಸ್ತರ? ಕಂಬದ ಬುಡಕ ಒಂದು ಕುರಿ ಕಟ್ಟಿ ತೆಗೀತೀನಿ. ಬಲಗಿವಿ ಕಾಣ್ಬೇಕು ನೋಡ್ರಿ, ಮತ್ತ ಯಾರೂ ತಿರುವಿ ಹಾಕಬಾರದು."

ಅವನು ಹಂಗಿಸಲು ಹೇಳಿದ ಮಾತಲ್ಲ ಅದು. ನನಗೆ ಹಾಗೆ ಕೇಳಿಸಿತು. "ನನಗ ಮನ್ಯಾಗ ಕೆಲಸ ಅದ, ನೀ ಹೋಗು" ಎಂದೆ. ಹಬ್ಬದ ದಿನ ನನಗೇನು ಕೆಲಸ? ಅಂಗಳದಲ್ಲಿ ಮಣ್ಣಿನ ಎತ್ತು ಮಾಡುವವರನ್ನು ನೋಡುತ್ತಾ ಕೂತಿದ್ದೆ. ಅವನು ಅಂಗಳ ದಾಟಿ, ತಿರುಗಿ ನೋಡಿ, ಕೈಯೆತ್ತಿ ತನ್ನ ಕೆಟ್ಟ ಕಿವಿಯನ್ನು ಮುಟ್ಟಿಕೊಂಡು ನಕ್ಕ. ನಾನು ನಗಲಿಲ್ಲ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಆಮೇಲಿನದನ್ನು ಹೇಳಿದವನು ದಂಡೆಯ ಮೇಲೆ ಹಿಂಡಿನೊಂದಿಗೆ ಇದ್ದ ಅವನ ತಮ್ಮ ಸಿದ್ದಪ್ಪ.

"ಅಣ್ಣ ಫೋಟೂ ತೆಗೆದು ಮ್ಯಾಲ ಬಂದಿದ್ದರಿ. ಕ್ಯಾಮೆರಾ ಚೀಲ ಜಾಲಿಗಿಡಕ್ಕ ಹಾಕಿದ. ಕುರಿ ಬಿಚ್ಚಾಕ ಮತ್ತ ಇಳದ. ನಮ್ಮಲ್ಲಿ ಒಂದು ಹನಿ ಸೈತ ಇಲ್ಲ, ಮ್ಯಾಲ ಎಲ್ಲ್ಯೋ ಮಳಿ ಬಿದ್ದಿತ್ತು. ನೀರು ಬರೂದು ಸದ್ದಾತು. ನಾ ಒದರಿದೆ, ಒದರಿದೆ. ಅಂವ ಬೆನ್ನು ಮಾಡಿದ್ದ. ಅವನ ಕಿವಿ ನಿಮಗ ಗೊತ್ತದಲ್ರಿ. ಹಗ್ಗ ಬಿಚ್ಚಿದ. ಕುರಿ ದಂಡಿಗಿ ಬಂತು."

ಮಾಳಪ್ಪ ಮರುದಿನ ಎರಡು ಹರದಾರಿ ಕೆಳಗೆ ಸಿಕ್ಕ.

ಜಾಲಿಗಿಡದ ಚೀಲವನ್ನು ಸಿದ್ದಪ್ಪ ನನಗೇ ತಂದುಕೊಟ್ಟ. ಜೋಳದ ಕೋಣೆಯಲ್ಲಿ ಕೂತು ಫಿಲಂ ತೊಳೆದೆ. ಎಂಟರಲ್ಲಿ ಕೊನೆಯದು ಸ್ಪಷ್ಟವಾಗಿತ್ತು: ಕಂಬದ ಬುಡ, ಅಂಗೈ ಹೋಗುವಷ್ಟು ಅಗಲದ ಬಿರುಕು, ಪಕ್ಕದಲ್ಲಿ ಕಟ್ಟಿದ ಕುರಿ. ಕಿವಿ ನೋಡಿದೆ. ಮತ್ತೊಮ್ಮೆ ನೋಡಿದೆ. ಆ ಚಿತ್ರ ಹಿಡಿದುಕೊಂಡು ಸಾಹೇಬರ ಮುಂದೆ ನಾನೇ ಹೋಗಿ ನಿಂತು, ನನ್ನ ತಪ್ಪನ್ನು ನನ್ನ ಬಾಯಿಂದಲೇ ಹೇಳಿದೆ. ಅವರು ಕುರ್ಚಿಯಿಂದ ಎದ್ದುನಿಂತರು. ಮೊದಲ ನೀರಿಗೆ ಕಂಬ ಹೇಗೋ ತಡೆದಿತ್ತು; ಅದೇ ದಿನದಿಂದ ಗಾಡಿಗಳು ಅಲ್ಲಿ ಮನುಷ್ಯ ನಡೆಯುವ ವೇಗದಲ್ಲಿ ದಾಟಿದವು, ದೀಪಾವಳಿಯ ಹೊತ್ತಿಗೆ ಕಂಬ ಹೊಸದಾಯಿತು. ಆ ಮಳೆಗಾಲವೆಲ್ಲ ಬೋಗಿಯೊಳಗಿನ ಜನ "ಈ ಗಾಡಿಗೇನು ರೋಗ ಬಂದದ" ಎಂದು ಗೊಣಗುತ್ತಿದ್ದರು. ನಾನು ಕಿಟಕಿಯಿಂದ ಆ ಕಲ್ಲನ್ನು ಹುಡುಕುತ್ತಿದ್ದೆ.

ತಿಂಗಳ ಮೇಲೆ ಸಿದ್ದಪ್ಪ ಮತ್ತೆ ಬಂದ. "ಅವ್ವ ಅಣ್ಣನ ಒಂದು ಫೋಟೂ ಕೇಳ್ಯಾಳ್ರಿ, ಗ್ವಾಡಿಗಿ ಹಾಕಾಕ." ನಾನೂ ಕರೀಮ್ ಭಾಯಿಯೂ ಇದ್ದಬದ್ದ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದೆವು. ಮೋಡಗಳಿದ್ದವು, ಕೊಕ್ಕರೆಯಿತ್ತು, ಗಾಡಿಗಳಿದ್ದವು. ಕಂಡವರ ಹೆಣಗಳ ಚಿತ್ರವಿತ್ತು. ಅಷ್ಟು ವರ್ಷ ಜೊತೆಗಿದ್ದ ಮಾಳಪ್ಪನದು ಒಂದೂ ಇರಲಿಲ್ಲ. ಅವನ ಕಡೆಗೆ ಕ್ಯಾಮೆರಾ ತಿರುಗಿಸಬೇಕೆಂದು ನಮ್ಮಿಬ್ಬರಿಗೂ ಒಮ್ಮೆಯೂ ಅನಿಸಿರಲಿಲ್ಲ. ಕರೀಮ್ ಭಾಯಿ ಮುಖ ಮುಚ್ಚಿಕೊಂಡು ಅತ್ತರು.

ಇದ್ದದ್ದು ಒಂದೇ. ಕೊನೆಯ ಚಿತ್ರದಲ್ಲಿ ಸಂಜೆಯ ಬಿಸಿಲಿಗೆ ಅವನ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ರುಮಾಲು, ಹೊಟ್ಟೆಗೆ ಆನಿಸಿ ಹಿಡಿದ ಡಬ್ಬದ ಮೇಲೆ ಬಾಗಿದ ತಲೆ. ಆ ತಲೆ ಕುರಿಯ ಕಾಲನ್ನು ಮುಟ್ಟುವಂತಿತ್ತು. ಅದನ್ನೇ ದೊಡ್ಡದಾಗಿ ಮೂಡಿಸಿ, ಕಟ್ಟು ಹಾಕಿಸಿ, ನಾನೇ ಅವರ ಹಳ್ಳಿಗೆ ಒಯ್ದೆ. ತಾಯಿ ನೆರಳಿನ ಮೇಲೆ ಕೈಯಾಡಿಸಿ, "ರುಮಾಲ ಅಂವ ಹಿಂಗ ಸುತ್ತತಿದ್ದ" ಎಂದರು. ಸಿದ್ದಪ್ಪ ಅದನ್ನು ಬೆಳಕಿಗೆ ಹಿಡಿದ. ಅಣ್ಣನ ಹಾಗೆಯೇ ಕುಕ್ಕರಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ, ನೆರಳನ್ನು ಬಿಟ್ಟು ಮೊದಲು ಕುರಿಯನ್ನು ನೋಡಿದ. ನನ್ನ ತಪ್ಪಿನ ಸಂಗತಿಯನ್ನು ಅಣ್ಣ ಅವನಿಗೆ ಹೇಳಿದ್ದನೋ ಇಲ್ಲವೋ, ಕೇಳುವ ಧೈರ್ಯ ನನಗೆ ಇರಲಿಲ್ಲ.

"ಕಿವಿ ಈ ಸಲ ಸರಿ ಬಂದದ್ರಿ ಮಾಸ್ತರ" ಎಂದು ಹೇಳಿ ಅವನು ಗೋಡೆಗೆ ಮೊಳೆ ಹೊಡೆಯಲು ಎದ್ದ.