ಕನಾತಿನ ಮೂಲೆ

ಚಿಗವ್ವನ ಹಿಮ್ಮಡಿಗಳಲ್ಲಿ ಜೋಳದ ಕಾಳು ಕೂರುವಷ್ಟು ಬಿರುಕುಗಳಿದ್ದವು. ಒಲೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಒಲೆಗೆ, ಶಹಾಬಾದಿ ಕಲ್ಲಿನ ಮೇಲೆ ದಿನವಿಡೀ ಬರಿಗಾಲಲ್ಲಿ ನಡೆದ ಪಾದಗಳು ಅವು. ಬೆಳಗ್ಗೆ ಮೇಣ ಕರಗಿಸಿ ಬಿರುಕಿಗೆ ತುಂಬುತ್ತಿದ್ದಳು. ಮಧ್ಯಾಹ್ನದೊಳಗೆ ಅದು ಉದುರಿರುತ್ತಿತ್ತು.

ನನ್ನ ತಾಯಿ ತೀರಿದ ಮೇಲೆ ನಾನು ಬೆಳೆದದ್ದು ಕಲಬುರಗಿಯಲ್ಲಿ, ಇವಳ ಮನೆಯಲ್ಲಿ. ಅವಳ ಗಂಡ, ನನ್ನ ಕಾಕಾ, ಕಚೇರಿಗೆ ಬರುವವರಿಗಾಗಿ ಖಾನಾವಳಿ ಇಟ್ಟಿದ್ದ. ನಿಜಾಮರ ಕಾಲ. ಕಚೇರಿಯ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿತ್ತು, ಅದನ್ನು ಮುಗಿಸಿ ಬಂದವರ ಹಸಿವು ಕನ್ನಡದಲ್ಲಿ. ರೊಟ್ಟಿ ಬಡಿಯುವವಳೂ ಬಡಿಸುವವಳೂ ಚಿಗವ್ವ ಒಬ್ಬಳೇ.

ಅವಳ ತವರು ಕಮಲಾಪುರ. ಕೆಂಬಾಳೆಯ ತೋಟದಲ್ಲಿ ಗಿಡಕ್ಕೆ ನೀರು ತಿರುವುತ್ತಾ ಬೆಳೆದವಳು. "ನಮ್ಮೂರಾಗ ಕಾಲಾಗ ನೀರು ಇರ್ತಿತ್ತು. ಇಲ್ಲಿ ಕಾಲಾಗ ಬೂದಿ," ಎನ್ನುತ್ತಿದ್ದಳು. ದೂರುವ ದನಿಯಲ್ಲಲ್ಲ, ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲಿ. ಒಂದು ದಿನ ನೀರಿನಲ್ಲಿ ಕಾಲಿಟ್ಟು ಸುಮ್ಮನೆ ಕೂರಬೇಕು ಎಂಬುದೊಂದೇ ಅವಳ ಬಾಯಿಂದ ನಾನು ಕೇಳಿದ ಆಸೆ.

ಊರಂಚಿನಲ್ಲಿ ಕೆರೆ, ದಂಡೆಯ ಮೇಲೆ ಸರಕಾರದ ಬಾಗ್, ಅಂದರೆ ಹೂದೋಟ. ಬೇಸಿಗೆಯಲ್ಲಿ ವಾರಕ್ಕೊಂದು ದಿನ ಅಲ್ಲಿಗೆ ಹೆಂಗಸರಷ್ಟೇ ಹೋಗಬಹುದಿತ್ತು. ಸೋಪಾನದ ಬಳಿ ಕಲ್ಲಿನ ಕುಣಿಗಳಲ್ಲಿ ಕೋಲು ನೆಟ್ಟು, ಸುತ್ತ ಕನಾತು ಎಂಬ ದಪ್ಪ ಬಟ್ಟೆಯ ಮರೆ ಕಟ್ಟುತ್ತಿದ್ದರು. ಒಳಗೆ ಪರದೆ ಬಿಟ್ಟು ಹೊರಬಾರದ ಗೋಷಾ ಹೆಂಗಸರೂ ನಿಶ್ಚಿಂತೆಯಿಂದ ನೀರಿಗಿಳಿಯುತ್ತಿದ್ದರು. ಖಾನಾವಳಿ ಬಿಟ್ಟು ಹೋಗಲಾಗದೆ ಚಿಗವ್ವ ಅದನ್ನು ನೋಡಿರಲೇ ಇಲ್ಲ. ಒಂದು ವರ್ಷ ಕಚೇರಿಗೆ ರಜೆ ಬಿದ್ದಾಗ ಎದುರು ಮನೆಯ ಖಾಲಾ ಬಂದು ಬಾಗಿಲಲ್ಲಿ ನಿಂತಳು.

"ತಂಗಿ, ಇವತ್ತ ನೀ ಬರಲಿಲ್ಲಂದ್ರ ನಿನ್ನ ಒಲಿಗಿ ನಾನೇ ನೀರು ಸುರೀತೀನಿ."

ಕಾಕಾನ ಊಟ ಮುಚ್ಚಿಟ್ಟು, ಆಗಿನ್ನೂ ಹುಡುಗಿಯಾಗಿದ್ದ ನನ್ನನ್ನೂ ಕರೆದುಕೊಂಡು ಚಿಗವ್ವ ಹೊರಟಳು. ರೊಟ್ಟಿ, ಶೇಂಗಾ ಹಿಂಡಿ, ತವರಿನಿಂದ ಬಂದಿದ್ದ ಕೆಂಪು ಬಾಳೆಹಣ್ಣಿನ ಗಂಟು ಅವಳ ತಲೆಯ ಮೇಲೆಯೇ.

ಅಲ್ಲಿ ಹೋಗಿ ನೋಡಿದರೆ ಕನಾತು ಪ್ರತಿವರ್ಷದ ಕುಣಿಗಳಲ್ಲೇ ನಿಂತಿತ್ತು, ನೀರು ಮಾತ್ರ ಅಲ್ಲಿರಲಿಲ್ಲ. ಆ ಬೇಸಿಗೆಗೆ ಕೆರೆ ಬತ್ತಿ ಬಹಳ ದೂರ ಸರಿದಿತ್ತು. ಮರೆಯೊಳಗೆ ಒಣಗಿದ ಕೆಸರು. ಹೆಂಗಸರು ಒಳಗೆ ಬಂದ ಮೇಲೆ ಕಟ್ಟಿದ ಗಂಡಸರು ತಿರುಗಿ ಬರುವಂತಿಲ್ಲ.

"ನೋಡಲಾರದೇ ಕಟ್ಟ್ಯಾರ, ಪರದಾ ಅವರಿಗೇ ಇತ್ತೇನೋ," ಅಂದಳು ಖಾಲಾ. ಹೆಂಗಸರು ನಕ್ಕು, ಕೋಲುಗಳನ್ನು ಕಿತ್ತು, ಇಡೀ ಕನಾತನ್ನು ಹಿಡಿದುಕೊಂಡೇ ನೀರಿನವರೆಗೆ ನಡೆದರು. ಹಸಿ ಕೆಸರಿನಲ್ಲಿ ಕೋಲು ನಿಲ್ಲಲಿಲ್ಲ. ಯಾರಾದರೂ ಹಿಡಿದು ನಿಲ್ಲಬೇಕಾಯಿತು. ಉಳಿದವರು ಸರದಿಯಲ್ಲಿ ನಿಂತರು. ಒಂದು ಮೂಲೆಯ ಕೋಲು ಮಾತ್ರ ಚಿಗವ್ವನ ಕೈಯಿಂದ ಬದಲಾಗಲಿಲ್ಲ. ಬಿಡು ಎಂದವರಿಗೆ, "ನನಗ ನಿಂತು ರೂಢಿ ಅದರಿ," ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಖಾಲಾ ಅವಳ ಕೈಯಿಂದ ಕೋಲು ಕಿತ್ತು ನನಗೆ ಕೊಟ್ಟಳು.

ಚಿಗವ್ವ ಕಲ್ಲೊಂದರ ಮೇಲೆ ಕೂತು ಮೀನಗಂಡದವರೆಗೆ ಕಾಲು ನೀರಿಗೆ ಬಿಟ್ಟಳು. ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ನಿದ್ದೆ ಹೋದಳು.

ಅಷ್ಟರಲ್ಲಿ ಹೊರಗೆ ಚೌಕೀದಾರ ಕೂಗಿದ. "ಅಮ್ಮಾರ, ಹೆಂಗಸರ ವಕ್ತ್ ಮುಗೀತರಿ. ಸಾಹೇಬ್ರು ಗೇಟಿನ್ಯಾಗ ನಿಂತಾರ."

"ನಿಲ್ಲಲಿ," ಅಂದಳು ಖಾಲಾ. "ಬಗ್ಗಿ ಗಾಡ್ಯಾಗ ಕುಂತು ಬರೋ ಕಾಲು. ಗಟ್ಟಿ ಇರ್ತಾವ."

ಇಬ್ಬರು ಮನೆಗೆ ಹೊರಟವರು ಹಿಂದಿರುಗಿ ಬಟ್ಟೆ ಹಿಡಿದರು. ಚೌಕೀದಾರ ಮತ್ತೆ ಕೂಗಿದ, ಆಮೇಲೆ ಬೇಡಿಕೊಂಡ, ಕೊನೆಗೆ ಸುಮ್ಮನಾದ. ನಾನು ಕೋಲನ್ನು ಭುಜಕ್ಕೆ ಆನಿಸಿ ಹಿಡಿದೆ.

ಕನಾತಿನ ನೆರಳು ನೀರಿನ ಮೇಲೆ ಬಿದ್ದಾಗ ಚಿಗವ್ವ ತಾನಾಗಿಯೇ ಎದ್ದಳು. ಸುತ್ತ ನಿಂತವರನ್ನು ನೋಡಿ ಗಾಬರಿಯಾಗಿ ಖಾಲಾಳ ಕಡೆ ತಿರುಗಿದಳು.

"ಎಬ್ಬಿಸೂದಲ್ಲೇನ್ರೀ ಆಪಾ? ಒಲಿ ಹಚ್ಚೋ ಹೊತ್ತಾತು."

"ಒಲಿಗಿ ಕಾಲಿಲ್ಲ. ಎಲ್ಲಿಗೂ ಹೋಗೂದಿಲ್ಲ ಅದು."

ಹಿಂತಿರುಗುವ ದಾರಿಯ ಧೂಳೆಲ್ಲ ಆ ಒದ್ದೆ ಕಾಲಿಗೆ ಮೆತ್ತಿಕೊಂಡಿತು. ಚಿಗವ್ವ ಮತ್ತೆ ಕೆರೆಗೆ ಹೋಗಲಿಲ್ಲ. ರಜೆ ಮುಗಿಯಿತು, ಮರುವರ್ಷ ಕಾಕಾ ಹಾಸಿಗೆ ಹಿಡಿದ. ಆ ದಿನದ ಬಗ್ಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಮಂದೀನ ನಿಲ್ಲಿಸಿ ಮಲಗಿಬಿಟ್ಟೆ ನೋಡು."

ಅವಳು ತೀರಿಕೊಂಡದ್ದೂ ಒಂದು ಬೇಸಿಗೆಯಲ್ಲಿ. ಹಿತ್ತಲಲ್ಲಿ ಸೀರೆಗಳ ಮರೆ ಹಿಡಿದು ಸ್ನಾನ ಮಾಡಿಸಿದೆವು. ಒಂದು ಮೂಲೆ ನನ್ನ ಕೈಯಲ್ಲಿತ್ತು. ಇನ್ನೊಂದನ್ನು ಹಿಡಿಯಲು ಖಾಲಾ ಬಂದಳು. ಮುಪ್ಪಿಗೆ ತೋಳು ಮೇಲೇಳದೆ ಗೋಡೆಗೆ ಒರಗಿ ನಿಂತಳು. ಹಿಮ್ಮಡಿಗಳ ಮೇಲೆ ನೀರು ಬೀಳುತ್ತಿದ್ದಾಗ ಹೊರಗಿನಿಂದ ಯಾರೋ ಕೂಗಿದರು.

"ಲಗೂ ಮುಗಸ್ರೆವ್ವಾ, ಮಂದಿ ಕಾಯಾಕತ್ತಾರ."

"ಕಾಯಲಿ," ಅಂದಳು ಖಾಲಾ.

ನಾನು ನನ್ನ ಮೂಲೆಯನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ.